ನನ್ನ ತಲೆಯ ಅಳತೆ

ಮುಳ್ಳುಹಲಗೆಯ ಮೇಲೆ ಕೂದಲು ಎಳೆಯುವಾಗ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಬಾಯಿ ತೆರೆದರೆ ಕೂದಲು ಒಳಗೆ ಹೋಗುತ್ತದೆ, ಅಷ್ಟೆ. ಹಲಗೆಯ ತುಂಬ ಉಕ್ಕಿನ ಮೊಳೆಗಳು ಮೊನೆ ಮೇಲಾಗಿ ನಿಂತಿರುತ್ತವೆ. ಕೂದಲಿನ ಕಟ್ಟನ್ನು ಅವುಗಳ ಮೇಲೆ ಬೀಸಿ ಹಾಕಿ, ನಿಧಾನವಾಗಿ ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಸಿಕ್ಕು, ಸೀರು, ಮುರಿದ ಎಳೆ ಎಲ್ಲ ಮೊಳೆಗಳ ನಡುವೆ ಉಳಿದು, ಒಳ್ಳೆಯ ಕೂದಲು ನೀರಿನಂತೆ ಜಾರಿ ಕೈಗೆ ಬರುತ್ತದೆ. ಆ ಬೆಳಿಗ್ಗೆಯೂ ಅಪ್ಪ ಒಂದು ಹಲಗೆಯ ಮುಂದೆ, ನಾನು ಇನ್ನೊಂದರ ಮುಂದೆ ಕೂತು ಎಳೆಯುತ್ತಿದ್ದೆವು. ಎಳೆಯುತ್ತಲೇ ನಾನು ಬಾಚಣಿಗೆಯ ಬಾಲವನ್ನು ಕಿವಿಯ ಹಿಂದೆ, ವಿಗ್ಗಿನ ಅಂಚಿನ ಕೆಳಗೆ ತೂರಿಸಿ ಕೆರೆದುಕೊಂಡೆ. ಅಪ್ಪ ನೋಡಿದ. ನೋಡಿ, ಕಣ್ಣನ್ನು ಮತ್ತೆ ಮೊಳೆಗಳ ಮೇಲಿಟ್ಟ.

ಹಿಂದಿನ ದಿನವೂ ಕೇಳಿದ್ದೆ. "ಅಪ್ಪ, ಇದು ತುಂಬ ಬಿಗಿ ಆಗ್ತಿದೆ. ಸ್ವಲ್ಪ ಸಡಿಲ ಮಾಡಿಕೊಡು" ಎಂದು. "ನಾಳೆ ನೋಡೋಣ ಮಗಳೇ" ಅಂದಿದ್ದ. ಆ ನಾಳೆಗೆ ಈಗ ಸಾಕಷ್ಟು ವಯಸ್ಸಾಗಿದೆ.

ವಿಗ್ ಮಾಡುವುದು ನಮ್ಮ ಕಸುಬು. ಅಂಗಡಿ ಕೆಳಗೆ, ಮನೆ ಮೇಲೆ. ಅಂಗಡಿಯ ಯಜಮಾನಿ ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ. ಅಪ್ಪ ಗಿರಾಕಿಗಳ ತಲೆ ಅಳೆದು, ಅದೇ ಅಳತೆಗೆ ಮರದ ತಲೆ ಕೆತ್ತುತ್ತಾನೆ. ಆ ಮರದ ತಲೆಯ ಮೇಲೆ ಅಮ್ಮ ಬಲೆ ಹೊಲಿದು ಟೋಪಿ ಮಾಡುತ್ತಾಳೆ. ಆ ಬಲೆಯ ಒಂದೊಂದು ಕಣ್ಣಿಗೂ ಸಣ್ಣ ಕೊಕ್ಕೆಯಿಂದ ಕೂದಲು ಸಿಕ್ಕಿಸಿ ಗಂಟು ಹಾಕುವವಳು ನಾನು. ಗೋಡೆಯುದ್ದಕ್ಕೂ ಮರದ ತಲೆಗಳ ಸಾಲು. ತೊಳೆದ ವಿಗ್ಗುಗಳು ಅವುಗಳ ಮೇಲೆ ಒಣಗುತ್ತವೆ. ಮೂಲೆಯಲ್ಲೊಂದು ನಿಲ್ಲಿಸುವ ಫ್ಯಾನ್ ಇದೆ, ಅದರ ಮುಖ ಸದಾ ಆ ಸಾಲಿನ ಕಡೆಗೆ. ಹಾರಿಹೋಗುವ ಸರಕು ನಮ್ಮದು. ಕೆಲಸದವರ ಕಡೆಗೆ ಫ್ಯಾನ್ ತಿರುಗಿಸುವಂತಿಲ್ಲ. ಬೆವರು ನಮಗೆ, ಗಾಳಿ ಮರದ ತಲೆಗಳಿಗೆ.

ಎಂಟನೇ ಕ್ಲಾಸಿನಲ್ಲಿ ನನ್ನ ಕೂದಲು ಉದುರತೊಡಗಿತು. ಮೊದಲು ನಾಣ್ಯದಷ್ಟು ಒಂದು ಜಾಗ, ಆಮೇಲೆ ಅಂಗೈಯಷ್ಟು, ಆಮೇಲೆ ಪೂರ್ತಿ. ಔಷಧಿ ಹಚ್ಚಿದ್ದೂ ಆಯಿತು, ನುಂಗಿದ್ದೂ ಆಯಿತು. ಸ್ಕಾರ್ಫು ಕಟ್ಟಿಕೊಂಡೇ ಶಾಲೆಗೆ ಹೋದರೂ ಕ್ಲಾಸಿನಲ್ಲಿ ನನಗೆ 'ಬಲ್ಬು' ಎಂದು ಹೆಸರು ಬಿತ್ತು. ಒಂದು ದಿನ ಕರೆಂಟು ಹೋದಾಗ ಹಿಂದಿನ ಬೆಂಚಿನವನೊಬ್ಬ "ಹೆದರ್ಬೇಡಿ ಸಾರ್, ನಮ್ಮ ಹತ್ರ ಬಲ್ಬಿದೆ" ಅಂದ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕರು. ಅವರು ಕೆಟ್ಟವರಲ್ಲ, ತಡೆಯಲಾಗದೆ ನಕ್ಕರು. ಅದಕ್ಕೇ ಆ ಹುಡುಗನಿಗಿಂತ ಅವರ ಮೇಲೆ ನನಗೆ ಇವತ್ತಿಗೂ ಹೆಚ್ಚು ಸಿಟ್ಟು. ಮಾರನೆಯ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಹೋಗು ಎಂದು ಮನೆಯಲ್ಲಿ ಯಾರೂ ಹೇಳಲೂ ಇಲ್ಲ. ಅವರು ಹೇಳಿದ್ದು ಒಂದೇ ಮಾತು: "ಯಾರಿಗೂ ಗೊತ್ತಾಗ್ದ ಹಾಗೆ ಮಾಡ್ತೀವಿ, ಇರು."

ಅಮ್ಮನಿಗೆ ಸೊಂಟ ದಾಟುವ ಕೂದಲಿತ್ತು. ಅದನ್ನು ಕತ್ತಿನವರೆಗೆ ಕತ್ತರಿಸಿಕೊಟ್ಟಳು. ಅಪ್ಪ ನನ್ನ ತಲೆ ಅಳೆದು ಮರದ ತಲೆ ಕೆತ್ತಿದ. ಅತ್ತೆ ತಾವೇ ಕೂತು ಗಂಟು ಹಾಕಿದರು. ಮೂವರೂ ಸೇರಿ ಅದನ್ನು ನನ್ನ ತಲೆಗೆ ಇಟ್ಟಾಗ ಮೂವರೂ ಅತ್ತರು. ನಾನೂ ಅತ್ತೆ. ಪ್ರೀತಿಯಿಂದಲೇ ಮಾಡಿದರು, ಇಲ್ಲ ಎನ್ನುವುದಿಲ್ಲ. ಆದರೆ ಅದಾದ ಮೇಲೆ ನನ್ನ ತಲೆಯನ್ನು ಅವರಲ್ಲಿ ಒಬ್ಬರೂ ನೋಡಲಿಲ್ಲ. ಸ್ನಾನಕ್ಕೆ ಹೋದರೆ ಬಾಗಿಲು ಹಾಕಿಕೊಂಡು ತೆಗೆಯುತ್ತಿದ್ದೆ, ಹಾಕಿಕೊಂಡೇ ಹೊರಗೆ ಬರುತ್ತಿದ್ದೆ. ಮಲಗುವಾಗಲೂ ತಲೆಯ ಮೇಲೇ. ನಡುವೆ ಎರಡು ಸಲ ಬಲೆ ಹರಿದು ಹೊಸದಾಗಿ ಕಟ್ಟಿದರು. ಆಗೆಲ್ಲ ನಾನು ಮೇಲಿನ ಕೋಣೆಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಕೂತಿರಬೇಕು. ಊಟ ಬಾಗಿಲ ಸಂದಿಯಿಂದ ಬರುತ್ತಿತ್ತು. ಕೆಳಗೆ ಅವರು ಅದೇ ಹಳೆಯ ಮರದ ತಲೆಯ ಮೇಲೆ ಹೊಸ ಟೋಪಿ ಕಟ್ಟುತ್ತಿದ್ದರು. ನನ್ನ ಕಾಲಿಗೆ ಹೊಸ ಚಪ್ಪಲಿ ತಂದಾಗ ಅಳತೆ ನೋಡಿದರು, ಮೈಗೆ ಬಟ್ಟೆ ಹೊಲಿಸಿದಾಗ ನೋಡಿದರು. ತಲೆ ಮಾತ್ರ ಹದಿಮೂರು ವರ್ಷದ ಹುಡುಗಿಯದೇ ಎಂದುಕೊಂಡಿದ್ದರು. ಈಗ ಅಮ್ಮನ ತಲೆಯಲ್ಲಿ ಬೆಳೆದಿರುವುದು ಅರ್ಧ ಬಿಳಿ. ನನ್ನ ತಲೆಯ ಮೇಲಿರುವ ಅವಳ ಕೂದಲು ಇನ್ನೂ ಕಪ್ಪು.

ಇಷ್ಟಾದರೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಅತ್ತೆ ಇದರಿಂದ ಒಂದು ಆಟ ಕಟ್ಟಿದರು.

ಗಿರಾಕಿ ಬಂದರೆ ನಾವು ಮೂರು ಹೆಂಗಸರು ಒಂದು ಸಾಲಿನಲ್ಲಿ ಕೂರಬೇಕು: ಅತ್ತೆ, ಅಮ್ಮ, ನಾನು. "ನಮ್ಮಲ್ಲಿ ವಿಗ್ ಹಾಕ್ಕೊಂಡಿರೋರು ಯಾರು ಹೇಳಿ ನೋಡೋಣ" ಎಂದು ಅತ್ತೆ ಕೇಳುತ್ತಾರೆ. ಬಂದವರು ಬಣ್ಣ ಬಳಿದ ಅತ್ತೆಯ ತುರುಬನ್ನೋ ಅಮ್ಮನ ಮೊಂಡು ಕೂದಲನ್ನೋ ತೋರಿಸುತ್ತಾರೆ. ನನ್ನನ್ನು ಯಾರೂ ತೋರಿಸಿದ್ದಿಲ್ಲ. ಆಗ ಅತ್ತೆ ನನ್ನ ಹಿಂದೆ ಬಂದು, ಕತ್ತಿನ ಹತ್ತಿರ ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಬಲೆಯ ಅಂಚು ತೋರಿಸುತ್ತಾರೆ. ಬಂದವರು "ಅಯ್ಯೋ ದೇವರೇ!" ಅನ್ನುತ್ತಾರೆ. ನಾನು ನಗಬೇಕು. ಅತ್ತೆ ತಮ್ಮ ಮಾತು ಹೇಳುತ್ತಾರೆ: "ಕೂದಲಿದ್ದೋಳು ಹೇಗೆ ತುರುಬು ಕಟ್ಟಿದ್ರೂ ಚೆಂದ. ಇಲ್ಲದೋಳಿಗೆ ನಾವು ಕಟ್ತೀವಿ, ಇನ್ನೂ ಚೆಂದ." ಅಂಗಡಿಯಲ್ಲಿ ನನ್ನ ಹೆಸರು ಗೊಂಬೆ. ಮುದ್ದಿಗೆ ಕರೆಯುವುದು ಎಂದು ಅವರು ತಿಳಿದಿದ್ದಾರೆ.

ನನ್ನದು ಮಾತು ಕಡಿಮೆ. ಯಾರಾದರೂ ಏನಾದರೂ ಕೇಳಿದರೆ ಉತ್ತರ ಗಂಟಲಿಗೆ ಬರುವಷ್ಟರಲ್ಲಿ ಮಾತು ಬೇರೆಲ್ಲಿಗೋ ಹೋಗಿರುತ್ತದೆ. ಆದ್ದರಿಂದ ನೋಡುತ್ತಾ ಕೂರುತ್ತೇನೆ. ಎಷ್ಟೋ ತಲೆ ನೋಡಿದ್ದೇನೆ. ವಿಗ್ ಹಾಕಿದ ಕೂಡಲೇ ಕನ್ನಡಿ ಮುಂದೆ ಕುಣಿದವರನ್ನೂ ನೋಡಿದ್ದೇನೆ, ಅವರ ಸಂತೋಷ ಸುಳ್ಳಲ್ಲ. ನನಗೆ ಆ ಸಂತೋಷ ಒಂದು ದಿನವೂ ಬರಲಿಲ್ಲ. ಬಂದದ್ದು ತುರಿಕೆ.

ಆ ದಿನ ಬಿಸಿಲೇರುವ ಹೊತ್ತಿಗೆ ಬಾಗಿಲ ಗಂಟೆ ಸದ್ದು ಮಾಡಿತು. ಕನ್ನಡಕ ಹಾಕಿದ ಒಬ್ಬ ಹೆಂಗಸು, ಹಿಂದೆ ಒಂದು ಹುಡುಗಿ. ಹುಡುಗಿಯ ತಲೆಗೆ ಹುಬ್ಬಿನವರೆಗೆ ಇಳಿಬಿಟ್ಟು ಕಟ್ಟಿದ ಸ್ಕಾರ್ಫು.

"ಬನ್ನಿ ಬನ್ನಿ, ಕೂತ್ಕೊಳ್ಳಿ" ಅಂದರು ಅತ್ತೆ.

ಆಕೆ ದನಿ ತಗ್ಗಿಸಿ "ನನ್ನ ಮಗಳಿಗೆ ಸ್ವಲ್ಪ ಕೂದಲು ಉದುರ್ತಿದೆ" ಅಂದರು.

"ಸ್ವಲ್ಪ ಅಲ್ಲ, ಪೂರ್ತಿ" ಅಂದಳು ಹುಡುಗಿ.

"ನೀನು ಸುಮ್ನಿರೆ. ಶಾಲೆಗೆ ಹೋಗಿ ಒಂದು ತಿಂಗಳಾಯ್ತು ನೋಡಿ. ಯಾರಿಗೂ ಗೊತ್ತಾಗ್ಬಾರ್ದು, ಅಷ್ಟು ಮಾಡಿಕೊಡಿ ಸಾಕು."

"ಗೊತ್ತಾಗ್ದೇ ಇರೋ ಹಾಗೆ ಮಾಡೋದಕ್ಕೇ ನಾವು ಅಂಗಡಿ ತೆಗೆದಿರೋದು." ಅತ್ತೆ ನಕ್ಕು ನಮ್ಮ ಕಡೆ ಕಣ್ಸನ್ನೆ ಮಾಡಿದರು. ಅಮ್ಮ ಬಲೆ ಕೆಳಗಿಟ್ಟು ಬಂದು ಕೂತಳು. ನಾನೂ ಕೂತೆ. "ಮರೀ, ನಮ್ಮ ಮೂರು ಜನದಲ್ಲಿ ವಿಗ್ ಹಾಕ್ಕೊಂಡಿರೋರು ಯಾರು ಹೇಳು ನೋಡೋಣ."

ಹುಡುಗಿ ಅತ್ತೆಯ ತುರುಬು ನೋಡಿದಳು. ಅಮ್ಮನನ್ನು ನೋಡಿದಳು. ನನ್ನ ಮುಂದೆ ಬಂದು ನಿಂತು ನನ್ನ ಕೂದಲನ್ನು ನೋಡದೆ ಮುಖವನ್ನೇ ನೋಡಿದಳು. ಜನರನ್ನು ನೋಡುವುದು ನನ್ನ ಕೆಲಸ. ನನ್ನನ್ನು ಯಾರಾದರೂ ನೋಡಿದರೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ.

"ಇವರು" ಅಂದಳು.

ಅತ್ತೆಯ ನಗು ಅರ್ಧಕ್ಕೆ ನಿಂತಿತು. "ಅರೆ, ಹೇಗೆ ಗೊತ್ತಾಯ್ತು ನಿಂಗೆ?"

"ಇವರು ತಲೆ ಅಲ್ಲಾಡಿಸೋದೇ ಇಲ್ಲ. ತುಂಬಿದ ಕೊಡ ಹೊತ್ಕೊಂಡಿರೋ ಥರ ಕೂತಿದಾರೆ. ಸ್ಕಾರ್ಫ್ ಕಟ್ಕೊಂಡ್ರೆ ನಾನೂ ಹಾಗೇ ಕೂರೋದು." ಆಮೇಲೆ ನನ್ನನ್ನೇ ಕೇಳಿದಳು: "ನೋಯುತ್ತಾ?"

ನನ್ನ ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಉತ್ತರ ಬಂದಾಗಿತ್ತು. "ಹೂವಿನಷ್ಟೂ ಭಾರ ಇಲ್ಲ ಕಣಮ್ಮ. ಹಾಕ್ಕೊಂಡಿರೋದೇ ಮರೆತು ಹೋಗುತ್ತೆ. ಅಲ್ವೇನೇ ಗೊಂಬೆ?"

ನಾನು ಹೂಂ ಎಂದು ತಲೆಯಾಡಿಸಿದೆ. ಆಡಿಸುವಾಗ ಅಂಚು ಕಿವಿಯ ಹಿಂದಿನ ಹುಣ್ಣಿಗೆ ಉಜ್ಜಿ ಕಣ್ಣಲ್ಲಿ ನೀರು ಬಂತು. ಕನ್ನಡಕದವರು ಅದನ್ನು ನೋಡಿ "ಪಾಪ, ಖುಷಿಗೆ ಕಣ್ಣೀರು ಬಂತು" ಅಂದರು.

ಅಪ್ಪ ಅಳತೆಯ ಟೇಪು ಹಿಡಿದು ಬಂದ. ಹುಡುಗಿ ಸ್ಕಾರ್ಫು ಬಿಚ್ಚಲು ಹಿಂದೆ ಮುಂದೆ ನೋಡಿದಳು. ಅಪ್ಪನ ಕೈ ಬಹಳ ಮೆತ್ತಗಿನದು. ಅಳುವ ಮಕ್ಕಳೂ ಅವನ ಮುಂದೆ ಸುಮ್ಮನೆ ಕೂರುತ್ತವೆ. "ಹೆದರ್ಬೇಡ ಮಗೂ. ನನ್ನ ಮಗಳ ತಲೆ ಅಂತಾನೇ ಅಳೀತೀನಿ" ಅಂದ. ಇದು ಅವನು ಎಲ್ಲರಿಗೂ ಹೇಳುವ ಮಾತು. ಹಣೆಯಿಂದ ಕತ್ತಿನ ಗುಳಿಗೆ ಅಳೆದ. ಕಿವಿಯಿಂದ ಕಿವಿಗೆ ಅಳೆದ. ಸುತ್ತಳತೆ ತೆಗೆದ. ಅನುಮಾನ ಬಂದು ಮತ್ತೊಮ್ಮೆ ತೆಗೆದ. ಆಮೇಲೆ ಕನ್ನಡಕದವರ ಕಡೆ ತಿರುಗಿ ಅಂದ: "ಬೆಳೆಯೋ ವಯಸ್ಸು ಅಮ್ಮ. ವರ್ಷಕ್ಕೊಂದು ಸಲ ಕರ್ಕೊಂಡು ಬಂದು ಅಳತೆ ಕೊಡ್ಲೇಬೇಕು. ಇಲ್ಲಾಂದ್ರೆ ಬಿಗಿಯಾಗಿ ಹುಣ್ಣಾಗುತ್ತೆ. ಮಕ್ಕಳು ಬಾಯಿಬಿಟ್ಟು ಹೇಳಲ್ಲ, ನಾವೇ ನೋಡ್ಕೋಬೇಕು."

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ. ನಾನು ಆ ಬುಡದಲ್ಲಿ ಕೂತಿದ್ದೆ.

"ಅಪ್ಪ, ನನ್ನ ತಲೆ ಯಾವಾಗ ಅಳೆದೆ?"

ದನಿ ಸಣ್ಣಗೆ ಬಂತು. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅತ್ತೆ ಕೂದಲಿನ ಬಣ್ಣಗಳನ್ನು ತೋರಿಸುತ್ತಿದ್ದರು. ಇನ್ನೊಮ್ಮೆ ಕೇಳಿದೆ. ಈ ಸಲ ನನಗೇ ಗುರುತು ಸಿಗದಷ್ಟು ಜೋರಾಗಿತ್ತು.

"ಏನೇ ಅದು ನಡುವೆ?" ಅಂದರು ಅತ್ತೆ.

"ಆಮೇಲೆ ಮಾತಾಡೋಣ ಮಗಳೇ" ಅಂದ ಅಪ್ಪ.

"ಆಮೇಲೆ ಬೇಡ. ಈಗ ಅಳಿ."

ಎರಡು ಕಿವಿಯ ಹತ್ತಿರ ಎರಡು ಅಂಟುಪಟ್ಟಿ, ಕತ್ತಿನ ಹತ್ತಿರ ಒಂದು. ಕಣ್ಣು ಮುಚ್ಚಿ ತೆಗೆದು ಅಭ್ಯಾಸವಿರುವ ಕೈ ನನ್ನದು. ಪಟ್ಟಿ ಚರ್ಮ ಬಿಟ್ಟ ಸದ್ದು ಆ ಕೋಣೆಗೆಲ್ಲ ಕೇಳಿತು. ವಿಗ್ಗನ್ನು ತೆಗೆದು ಅಪ್ಪನ ಮುಂದಿನ ಮೇಜಿನ ಮೇಲಿಟ್ಟು, ತಲೆ ಬಗ್ಗಿಸಿ ನಿಂತೆ. ನಾಚಿಕೆಗಲ್ಲ, ಅವನಿಗೆ ಟೇಪು ಹಿಡಿಯಲು ಅನುಕೂಲವಾಗಲಿ ಎಂದು.

ಅಪ್ಪ ಅಳೆಯಲಿಲ್ಲ. ಟೇಪು ಅವನ ಬೆರಳುಗಳ ನಡುವೆ ನೇತಾಡುತ್ತಿತ್ತು. ಅಮ್ಮ ಓಡಿಹೋಗಿ ಗಾಜಿನ ಬಾಗಿಲಿನ ಪರದೆ ಎಳೆದಳು. ಬೆಂಕಿ ಬಿದ್ದರೂ ಅಷ್ಟು ಬೇಗ ಏಳುವವಳಲ್ಲ. ಅತ್ತೆ ಒದ್ದೆ ಟವೆಲೊಂದನ್ನು ತಂದು ನನ್ನ ತಲೆಯ ಮೇಲೆ ಹೊದಿಸಿದರು. ನಾನು ಅದನ್ನು ಎಳೆದು ನೆಲಕ್ಕೆ ಎಸೆದೆ.

"ಇದೇನ್ರೀ ಇದು, ಮಗು ಮುಂದೆ!" ಅಂದರು ಕನ್ನಡಕದವರು.

"ಏನು ಮಾಡಿದೆ ನಾನು? ತಲೆ ತೋರಿಸಿದೆ. ಬಟ್ಟೆ ಬಿಚ್ಚಿದ್ನಾ?"

ಅಷ್ಟು ಮಾತು ನಾನು ಗಿರಾಕಿಗಳ ಮುಂದೆ ಆಡಿದ್ದು ಅದೇ ಮೊದಲು. ಹುಡುಗಿ ಮಾತ್ರ ಹತ್ತಿರ ಬಂದಳು. ಹಣೆಯ ಮೇಲಿಂದ ಕಿವಿಯ ಹಿಂದಕ್ಕೆ ಹೋಗುವ ಗೀರನ್ನು, ಅಲ್ಲಿ ಹಸಿಯಾಗಿರುವ ಹುಣ್ಣನ್ನು ನೋಡಿದಳು.

"ನೋಯುತ್ತಾ ಅಂತ ಕೇಳಿದ್ಯಲ್ಲ" ಅಂದೆ. "ನೋಯುತ್ತೆ."

ಅವಳು ಸ್ವಲ್ಪ ಯೋಚಿಸಿದಳು. "ಬರೀ ತಲೇಲಿ ಹೋದ್ರೆ ಬಿಸಿಲಿಗೆ ಸುಡಲ್ವಾ?"

"ಗೊತ್ತಿಲ್ಲ. ನನ್ನ ತಲೆಗೆ ಬಿಸಿಲು ಬಿದ್ದೇ ಇಲ್ಲ."

ಹೇಳಿದ ಮೇಲೆ ನನಗೇ ಆ ಮಾತಿನ ಅರ್ಥ ತಟ್ಟಿತು. ಇಷ್ಟು ವರ್ಷ ಬದುಕಿದ್ದೇನೆ, ನನ್ನ ತಲೆಗೆ ಬಿಸಿಲು ಹೇಗಿರುತ್ತದೆಂದು ನನಗೆ ಗೊತ್ತಿಲ್ಲ. ಮಳೆ ಹೇಗಿರುತ್ತದೆಂದೂ ಗೊತ್ತಿಲ್ಲ. "ನಿಂಗೆ ಬೇಕು ಅನ್ಸಿದ್ರೆ ಹಾಕ್ಕೋ, ನಾವು ಚೆನ್ನಾಗಿ ಮಾಡ್ತೀವಿ" ಅಂದೆ. "ಬೇಡ ಅನ್ಸಿದ ದಿನ ತೆಗೆದಿಡು. ಯಾರನ್ನೂ ಕೇಳ್ಬೇಡ. ಶಾಲೆ ಮಾತ್ರ ಬಿಡ್ಬೇಡ."

"ನಡಿ" ಅಂದರು ಅವಳ ತಾಯಿ. ಸ್ಕಾರ್ಫನ್ನು ಮಗಳ ತಲೆಗೆ ಸುತ್ತುತ್ತಾ, ಅತ್ತೆಯ ಕಡೆ ನೋಡದೆಯೇ "ಆಮೇಲೆ ಬರ್ತೀವಿ" ಅಂದರು. ಅಂಗಡಿ ನಡೆಸುವವರಿಗೆಲ್ಲ ಆ 'ಆಮೇಲೆ'ಯ ಅರ್ಥ ಗೊತ್ತು. ಗಂಟೆ ಸದ್ದು ಮಾಡಿತು. ಅವರು ಹೋದರು.

ಅತ್ತೆ ನನ್ನ ಕಡೆ ತಿರುಗಿದರು.

"ಬುದ್ಧಿ ನೆಟ್ಟಗಿದೆಯೇನೇ ನಿಂಗೆ? ಬಂದ ಗಿರಾಕೀನ ಓಡಿಸಿದ್ಯಲ್ಲ! ಕೂತ ಕೊಂಬೆ ಕಡಿಯೋದು ಅಂದ್ರೆ ಇದೇ ಕಣೆ."

"ಹುಣ್ಣಾಗಿದೆ ಅತ್ತೆ."

"ಹುಣ್ಣಾದ್ರೆ ಹೇಳ್ಬೇಕು. ಮುಲಾಮು ಇಲ್ವಾ ಮನೇಲಿ?"

"ಎಷ್ಟು ಸಲ ಹೇಳ್ಲಿ? ಊರಿನ ತಲೆ ಎಲ್ಲಾ ಅಳೀತೀರಿ. ಮನೇಲಿರೋ ತಲೆ ಮುಟ್ಟೋಕೆ ಅಸಹ್ಯ ನಿಮಗೆ."

"ಲೋ, ಕೇಳಿಸ್ಕೊಂಡ್ಯೇನೋ ನಿನ್ನ ಮಗಳ ಮಾತು?" ಅತ್ತೆ ಅಪ್ಪನ ಮೇಲೆ ಹರಿಹಾಯ್ದರು. "ಅಸಹ್ಯವಂತೆ! ಮೂರು ಜನ ಕಣ್ಣಲ್ಲಿ ಕಣ್ಣಿಟ್ಟು ಮಾಡಿದ್ದಕ್ಕೆ ಇದು ಬಹುಮಾನ."

ಅಪ್ಪ "ಅಕ್ಕ, ಬಿಡಕ್ಕ" ಅಂದ. ಅದಕ್ಕಿಂತ ಮುಂದಕ್ಕೆ ಅವನ ಮಾತು ಹೋಗುವುದಿಲ್ಲ. ನನಗೆ ಮಾತು ಕಡಿಮೆ ಬಂದದ್ದು ಅವನಿಂದಲೇ ಇರಬೇಕು.

ಅಮ್ಮ ಮೇಜಿನ ಮೇಲಿದ್ದ ವಿಗ್ಗನ್ನು ಎತ್ತಿಕೊಂಡು ಮಡಿಲಲ್ಲಿಟ್ಟುಕೊಂಡಿದ್ದಳು. ಅದರ ಮೇಲೆ ಕೈಯಾಡಿಸುತ್ತಿದ್ದಳು. "ನನ್ನ ಕೂದಲು ಕಣೇ ಇದು" ಅಂದಳು. "ಕತ್ತರಿಸೋವಾಗ ಎಷ್ಟು ಅತ್ತೆ ಗೊತ್ತಾ? ನಿನಗೋಸ್ಕರ ಅಂತ ಕೊಟ್ಟೆ."

"ನಾನು ಕೇಳಿದ್ನಾ ಅಮ್ಮ?"

ಅವಳ ಕೈ ನಿಂತಿತು. ಹಾಗೆ ಹೇಳಬಾರದಿತ್ತು ಎಂದು ಈಗಲೂ ನನಗೆ ಅನ್ನಿಸುವುದಿಲ್ಲ. ನನಗೆ ಕೂದಲು ಕೊಟ್ಟಳು, ನಿಜ. ಆಮೇಲೆ ಆ ಕೂದಲು ಇಲ್ಲದ ಮಗಳನ್ನು ಒಂದು ದಿನವೂ ನೋಡಲಿಲ್ಲ. ತಲೆಗೆ ಎಣ್ಣೆ ಹಚ್ಚಲಿಲ್ಲ, ತಲೆ ಸವರಲಿಲ್ಲ. ಸವರಿದರೆ ಕೂದಲನ್ನು ಸವರುತ್ತಿದ್ದಳು. ಅಂದರೆ ತನ್ನನ್ನೇ. ಮೂಗಿಗಿಂತ ಮೂಗುತಿ ಭಾರ ಎಂದು ಯಾರೋ ಸುಮ್ಮನೆ ಹೇಳಿಲ್ಲ.

"ಅತ್ತಿಗೆ, ನೀವೇ ಹೇಳಿ ಇವಳಿಗೆ" ಅಂತ ಅಮ್ಮ ಅಳತೊಡಗಿದಳು.

"ಏನು ಹೇಳೋದು? ಹೀಗೇ ಕೂತ್ರೆ ನಾಲ್ಕು ಜನ ಏನಂತಾರೆ? ವಿಗ್ ಅಂಗಡಿಯೋರ ಮನೆ ಹುಡುಗಿ ಬೋಳುತಲೆ ಬಿಟ್ಕೊಂಡು ಕೂತಿದಾಳೆ ಅಂತ ನಗಲ್ವಾ?"

ಈ ನಾಲ್ಕು ಜನರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅವರು ಯಾರು, ಎಲ್ಲಿರುತ್ತಾರೆ, ಅವರಿಗೆ ಬೇರೆ ಕೆಲಸವಿಲ್ಲವೇ ಎಂದು. ಬೀದಿಯಲ್ಲಿ ಹುಡುಕಿದ್ದೇನೆ. ಎದುರಿನ ಬೀಗ ರಿಪೇರಿಯವನು ಬೀಗದಿಂದ ಕಣ್ಣು ತೆಗೆಯುವುದಿಲ್ಲ. ಪಕ್ಕದ ಔಷಧಿ ಅಂಗಡಿಯವಳಿಗೆ ನನ್ನ ಮುಖದ ಗುರುತೂ ಇಲ್ಲ. ಆ ದಿನ ಅಲ್ಲೇ ನಿಂತು ಎಣಿಸಿದೆ.

"ಯಾವ ನಾಲ್ಕು ಜನ ಅತ್ತೆ? ನೀವೊಬ್ರು. ಅಪ್ಪ. ಅಮ್ಮ. ಇನ್ನೊಬ್ಳು ನಾನು. ಇಷ್ಟು ದಿನ ನಾನೂ ನಿಮ್ಮ ಜೊತೆ ಸೇರ್ಕೊಂಡು ನನ್ನನ್ನೇ ನೋಡಿ ಮುಖ ಸಿಂಡರಿಸ್ತಿದ್ದೆ. ಇವತ್ತಿಂದ ನಾನು ಆ ಕೆಲಸ ಬಿಟ್ಟೆ. ನೀವು ಮೂರು ಜನ ಏನಾದ್ರೂ ಅಂದ್ಕೊಳ್ಳಿ."

"ನಾಲಗೆ ಬೆಳೆದಿದೆ" ಅಂದರು ಅತ್ತೆ.

"ತಲೆಯೂ ಬೆಳೆದಿದೆ. ಅದನ್ನ ಯಾರೂ ನೋಡ್ಲಿಲ್ಲ."

ಪರದೆಯ ಆಚೆ ಯಾರದೋ ನೆರಳು ಬಂದು ನಿಂತಿತು. ಅಂಗಡಿ ತೆರೆದಿದೆಯೋ ಇಲ್ಲವೋ ಎಂದು ಗಾಜಿಗೆ ಮುಖ ಒತ್ತಿ ನೋಡುತ್ತಿದ್ದರು. ಅತ್ತೆ ಪಿಸುದನಿಯಲ್ಲಿ "ಮೇಲೆ ಹೋಗು" ಅಂದರು. ನಾನು ಅಲುಗಲಿಲ್ಲ. "ಹೋಗೇ, ನಿಂಗೆ ಕೈ ಮುಗಿತೀನಿ" ಅಂದರು. ಅವರು ಕೈ ಮುಗಿದದ್ದನ್ನು ನಾನು ಕಂಡದ್ದಿಲ್ಲ. ಆದರೂ ಕರಗಲಿಲ್ಲ. ದಿನಗಟ್ಟಲೆ ಮೇಲಿನ ಕೋಣೆಯಲ್ಲಿ ಟವೆಲ್ ಸುತ್ತಿಕೊಂಡು ಕೂತವಳಿಗೆ ಆ ಮೆಟ್ಟಿಲ ದಾರಿ ಚೆನ್ನಾಗಿ ಗೊತ್ತು. ಇನ್ನು ಹತ್ತುವುದು ಮಲಗಲಿಕ್ಕೆ ಮಾತ್ರ.

ಹೋಗಿ ಪರದೆ ಸರಿಸಿದೆ. ಹೊರಗಿದ್ದದ್ದು ಪಾರ್ಸಲ್ ತಂದವನು. ನನ್ನನ್ನು ನೋಡಿದ, ಒಂದು ಕ್ಷಣ ಹೆಚ್ಚಾಗಿಯೇ ನೋಡಿದ. ಆಮೇಲೆ ಪೆಟ್ಟಿಗೆ ಒಳಗಿಟ್ಟು "ಸಹಿ ಹಾಕಿ" ಅಂದ. ಹಾಕಿದೆ. ಹೋದ. ಆಕಾಶ ಕಳಚಿ ಬೀಳಲಿಲ್ಲ. ಅಷ್ಟೇ ಸಾಕಿತ್ತು, ನನ್ನ ಸಿಟ್ಟು ಇನ್ನಷ್ಟು ಏರಿತು. ಇಷ್ಟೇ ಆಗುವುದಿದ್ದರೆ ಇಷ್ಟು ವರ್ಷ ಯಾತಕ್ಕೆ?

ನನ್ನ ಜಾಗ ಗಾಜಿನ ಬಾಗಿಲಿನ ಪಕ್ಕದಲ್ಲೇ. ಬೆಳಕು ಬೇಕಾಗುತ್ತದೆ, ಅದಕ್ಕೆ. ಅಲ್ಲಿ ಕೂತು ಕೊಕ್ಕೆ ಎತ್ತಿಕೊಂಡೆ. ಅರ್ಧ ಮುಗಿದ ಕೆಲಸವೊಂದಿತ್ತು, ಯಾರೋ ಒಬ್ಬ ಮುದುಕಿಗೆ, ಬಿಳಿ ಕೂದಲೇ ಬೇಕು ಎಂದು ಹಟ ಹಿಡಿದು ಮಾಡಿಸುತ್ತಿದ್ದವಳಿಗೆ. ಆ ಮುದುಕಿ ನನಗೆ ಇಷ್ಟ. ಗಂಟು ಹಾಕತೊಡಗಿದೆ. ಮೊದಲ ಗಂಟುಗಳು ಸಡಿಲವಾದವು, ಬಿಚ್ಚಿ ಮತ್ತೆ ಹಾಕಿದೆ. ಗಾಜಿನಿಂದ ಬಿಸಿಲು ಬಂದು ತಲೆಯ ಎಡಭಾಗಕ್ಕೆ ಬಿತ್ತು. ಸುಡುತ್ತದೆ. ಆ ಹುಡುಗಿ ಮತ್ತೆ ಬಂದರೆ ಹೇಳಬೇಕು.

ಹಿಂದೆ ಮೂವರೂ ನಿಂತಲ್ಲೇ ನಿಂತಿದ್ದರು. ಅಮ್ಮ ಮೂಗು ಸೀಟುವುದು ಕೇಳಿಸಿತು. ಅತ್ತೆ ಏನನ್ನೋ ದೊಪ್ಪನೆ ಇಟ್ಟರು. ಅಪ್ಪ ಮುಳ್ಳುಹಲಗೆಯ ಮುಂದೆ ಮತ್ತೆ ಕೂತನೆಂದು ಸ್ಟೂಲಿನ ಸದ್ದಿನಿಂದ ತಿಳಿಯಿತು, ಆದರೆ ಕೂದಲು ಎಳೆಯುವ ಸದ್ದು ಬರಲಿಲ್ಲ. ಮೂಲೆಯಲ್ಲಿ ಫ್ಯಾನು ಮರದ ತಲೆಗಳಿಗೆ ಗಾಳಿ ಬೀಸುತ್ತಲೇ ಇತ್ತು.

ನೆತ್ತಿಯಿಂದ ಬೆವರು ಹೊರಟಿತು. ತಡೆಯಲು ನಡುವೆ ಏನೂ ಇರಲಿಲ್ಲವಾದ್ದರಿಂದ ನೇರ ಕಣ್ಣಿಗೇ ಬಂತು. ಮೊಣಕೈಯಿಂದ ಒರೆಸಿಕೊಂಡೆ. ಬಿಡಿ ಕೂದಲು ಹಾರದಂತೆ ಮೇಜಿನ ಮೇಲಿದ್ದ ಎರಡು ಸಣ್ಣ ಹಲಗೆಗಳ ನಡುವೆ ಒತ್ತಿಟ್ಟು, ಅದರ ಮೇಲೆ ಕತ್ತರಿಯನ್ನೂ ಇಟ್ಟೆ. ಆಮೇಲೆ ತಿರುಗದೆಯೇ ಹೇಳಿದೆ:

"ಯಾರಾದ್ರೂ ಆ ಫ್ಯಾನ್ ಸ್ವಲ್ಪ ಈ ಕಡೆ ತಿರುಗಿಸ್ತೀರಾ?"